ನಾಯಿಯ ಬೆನ್ನಿಗೆ ತೈಲ ಹಚ್ಚುವ ಮುಂಚೆ

ನಾಯಿ ಜಗಲಿ ಹತ್ತಲು ಹಿಂಜರಿದರೆ, ಬೆನ್ನು ಗೂನು ಮಾಡಿ ನಿಂತರೆ, ಎತ್ತಿಕೊಂಡ ಕೂಡಲೆ ಕುಂಯ್ ಎಂದರೆ, ಕಾಸರಗೋಡಿನ ಕಡೆಯ ಮನೆಗಳಲ್ಲಿ ಮೊದಲು ಕೈ ಹೋಗುವುದು ತೈಲದ ಕುಪ್ಪಿಗೆ. ದಯವಿಟ್ಟು ಅದನ್ನು ಅಲ್ಲೇ ಬಿಡಿ. ಕರ್ಪೂರಾದಿ ತೈಲದಲ್ಲಿ ಕರ್ಪೂರವಿದೆ, ನೋವಿನ ಮುಲಾಮುಗಳಲ್ಲಿ ಸಾಮಾನ್ಯವಾಗಿ ಗಂಧಪುರ ಎಣ್ಣೆ ಇರುತ್ತದೆ. ಹಚ್ಚಿದ್ದನ್ನು ನಾಯಿ ನೆಕ್ಕದೆ ಬಿಡುವುದಿಲ್ಲ, ಮತ್ತು ಇವೆರಡೂ ಅದಕ್ಕೆ ವಿಷ. ಕರ್ಪೂರ ಹೊಟ್ಟೆ ಸೇರಿದರೆ ವಾಂತಿಯಾಗಬಹುದು, ಫಿಟ್ಸ್ ಕೂಡ ಬರಬಹುದು.

ಡ್ಯಾಶ್‌ಹಂಡ್, ಪಗ್, ಬೀಗಲ್, ಲಾಸಾ ಆಪ್ಸೊ ತಳಿಗಳಲ್ಲಿ ಬೆನ್ನಿನ ಡಿಸ್ಕ್ ಕೆಡುವ ಈ ತೊಂದರೆಯ ಒಲವು ಹುಟ್ಟಿನಿಂದಲೇ ಬಂದದ್ದು. ಬೆನ್ನೆಲುಬಿನ ಮಣಿಗಳ ನಡುವಿನ ಡಿಸ್ಕಿನೊಳಗೆ ಲೋಳೆಯಂಥದ್ದು ಇರಬೇಕು. ಇವುಗಳಲ್ಲಿ ಒಂದು ವರ್ಷದ ಪ್ರಾಯಕ್ಕೇ ಅದು ಒಣಗಿ ಸುಣ್ಣಗಟ್ಟಲು ತೊಡಗುತ್ತದೆ. 12ನೇ ವರ್ಣತಂತುವಿನಲ್ಲಿ ಹೆಚ್ಚುವರಿಯಾಗಿ ಸೇರಿಕೊಂಡ ಎಫ್‌ಜಿಎಫ್4 ಜೀನಿನ ಪ್ರತಿ ಇದಕ್ಕೆ ಕಾರಣವೆಂದು 2017ರಲ್ಲಿ ಗೊತ್ತಾಯಿತು. ಹೆಚ್ಚಾಗಿ 3ರಿಂದ 7 ವರ್ಷದೊಳಗೆ, ಪಕ್ಕೆಲುಬು ಮುಗಿದು ಸೊಂಟ ಶುರುವಾಗುವಲ್ಲಿ ಡಿಸ್ಕ್ ಒಡೆದು ನರಹುರಿಯನ್ನು ಒತ್ತುತ್ತದೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಿಗೆ ಇದು ಮುದಿತನದಲ್ಲಿ, ನಿಧಾನವಾಗಿ ಬರುವಂಥದ್ದು.

ಮನೆಯಲ್ಲೇ ದಿನಾ ಎರಡು ಪರೀಕ್ಷೆ ಮಾಡಬಹುದು. ನಾಯಿಯನ್ನು ನಿಲ್ಲಿಸಿ, ಹಿಂಗಾಲಿನ ಪಾದವನ್ನು ಮಡಚಿ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡಿ. ಆರೋಗ್ಯವಿದ್ದರೆ ತಕ್ಷಣ ಸರಿಮಾಡಿಕೊಳ್ಳುತ್ತದೆ. ತಡವಾದರೆ ನರಕ್ಕೆ ಪೆಟ್ಟು ಬಿದ್ದಿದೆ ಎಂದರ್ಥ. ಕಾಲು ಪೂರ್ತಿ ಬಿದ್ದುಹೋಗಿದ್ದರೆ ಮಾತ್ರ ಎರಡನೆಯದು: ಹಿಂಗಾಲಿನ ಬೆರಳನ್ನು ಗಟ್ಟಿಯಾಗಿ ಚಿವುಟಿ. ಬಹಳ ಮಂದಿ ಮೋಸಹೋಗುವುದು ಇಲ್ಲೇ. ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುವುದು ಬರೀ ನರಹುರಿಯ ಪ್ರತಿಕ್ರಿಯೆ, ಅದನ್ನು ನೋವು ತಿಳಿದದ್ದು ಎಂದು ಲೆಕ್ಕ ಹಿಡಿಯಬಾರದು. ನಾಯಿ ತಿರುಗಿ ನೋಡಬೇಕು, ಕೂಗಬೇಕು, ಕಚ್ಚಲು ಬರಬೇಕು. ಅದ್ಯಾವುದೂ ಇಲ್ಲವಾದರೆ ಅಕ್ಯುಪಂಕ್ಚರ್ ಸೂಜಿ, ಮದ್ದು, ಮಾಲೀಸು ಎಲ್ಲ ಬದಿಗಿಡಿ. ಒಂದೆರಡು ದಿನದೊಳಗೆ ಶಸ್ತ್ರಚಿಕಿತ್ಸೆಯಾದರೆ ಅರ್ಧದಷ್ಟು ನಾಯಿಗಳು ಮತ್ತೆ ನಡೆಯುತ್ತವೆ, ತಡವಾದಷ್ಟೂ ಆಸೆ ಕಮ್ಮಿ. ತ್ರಿಶ್ಶೂರಿನ ಮಣ್ಣುತ್ತಿ ಅಥವಾ ಬೆಂಗಳೂರು ಹೆಬ್ಬಾಳದ ಪಶುವೈದ್ಯ ಕಾಲೇಜಿಗೆ ಮೊದಲು ಫೋನು ಮಾಡಿ, ಬೆನ್ನಿನ ಆಪರೇಷನ್ ಆಗುತ್ತದೆಯೇ ಎಂದು ಕೇಳಿಯೇ ಹೊರಡಿ. ನಾಯಿಯನ್ನು ಪ್ಲೈವುಡ್ ಹಲಗೆಯ ಮೇಲೆ ಮಲಗಿಸಿ, ಬಟ್ಟೆಯಿಂದ ಕಟ್ಟಿ ಒಯ್ಯಬೇಕು.

ಇನ್ನೊಂದು ಮಾತು. ರೇಬೀಸ್ ಲಸಿಕೆ ಹಾಕಿಸದ ನಾಯಿಯ ಹಿಂಗಾಲು ಬಿದ್ದು, ದವಡೆ ಜೋತು ಜೊಲ್ಲು ಸುರಿಯುತ್ತಿದ್ದರೆ ಮುಟ್ಟಲೇಬೇಡಿ, ಡಾಕ್ಟರಿಗೆ ಹಾಗೆಂದೇ ತಿಳಿಸಿ.

ಇನ್ನೂ ನಡೆಯುತ್ತಿರುವ, ನೋವಿರುವ ನಾಯಿಗೆ ಮುಖ್ಯ ಮದ್ದು ವಿಶ್ರಾಂತಿ. ನಾಲ್ಕರಿಂದ ಆರು ವಾರ, ಎದ್ದು ನಿಂತು ತಿರುಗಿ ಮಲಗಲು ಮಾತ್ರ ಜಾಗವಿರುವ ಗೂಡು. ಮೂತ್ರಕ್ಕೆ ದಿನಕ್ಕೆ ಮೂರು ನಾಲ್ಕು ಸಲ, ಐದೈದು ನಿಮಿಷ, ಎದೆಪಟ್ಟಿ ಹಾಕಿ ಹಗ್ಗದಲ್ಲೇ ಹೊರಗೆ. ಕೊರಳಿಗೆ ಸರಪಳಿ ಬೇಡ. ಮಾತ್ರೆ ಕೊಟ್ಟ ಮೂರನೆಯ ದಿನ ನೋವು ಇಳಿದು, ನಾಯಿ ಗುಣವಾಯಿತೆಂದು ಬಿಟ್ಟುಬಿಡುವುದೇ ಕೆಡುವ ದಾರಿ. ಒಡೆದ ಡಿಸ್ಕಿನ ಹೊರಪದರ ಕೂಡಿಕೊಳ್ಳಲು ವಾರಗಳೇ ಬೇಕು. ಅಷ್ಟರೊಳಗೆ ಒಂದು ಜಿಗಿತ, ಒಂದು ಬೆಕ್ಕಿನ ಹಿಂದಿನ ಓಟ ಸಾಕು, ಉಳಿದದ್ದೂ ಹೊರಬೀಳಲು. ಗೂಡಿಲ್ಲದೆ ನೋವಿನ ಮಾತ್ರೆ ಮಾತ್ರ ಕೊಡುವುದು ನನ್ನ ಪ್ರಕಾರ ಏನೂ ಕೊಡದೆ ಇರುವುದಕ್ಕಿಂತ ಕೆಟ್ಟದ್ದು.

ಮಾತ್ರೆ ಡಾಕ್ಟರು ಬರೆದದ್ದೇ ಆಗಬೇಕು. ಮನೆಯಲ್ಲಿರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ನಾಯಿಯ ಹೊಟ್ಟೆ, ಮೂತ್ರಪಿಂಡ ಎರಡನ್ನೂ ಕೆಡಿಸುತ್ತವೆ. ಒಬ್ಬ ಡಾಕ್ಟರು ಮೆಲೊಕ್ಸಿಕ್ಯಾಮ್ ಎಂಬ ನೋವಿನ ಮದ್ದು ಕೊಟ್ಟಿರುವಾಗ ಇನ್ನೊಬ್ಬರು ಸ್ಟಿರಾಯ್ಡ್ ಚುಚ್ಚಿದರೆ ಹೊಟ್ಟೆ, ಕರುಳಿನಲ್ಲಿ ಹುಣ್ಣಾಗಬಹುದು, ಮಲ ಡಾಮರಿನಂತೆ ಕಪ್ಪಾಗಬಹುದು. ಹಾಗಾಗಿ ಎರಡನೆಯ ಡಾಕ್ಟರಲ್ಲಿ ಹೋಗುವಾಗ ಮೊದಲಿನ ಚೀಟಿ ಕೈಯಲ್ಲಿರಲಿ. ಗುಗ್ಗುಳು, ಅಶ್ವಗಂಧ ಕೊಡುತ್ತಿದ್ದರೆ ಅದನ್ನೂ ಹೇಳಿ.

ಅಕ್ಯುಪಂಕ್ಚರ್ ಬಗ್ಗೆ ಬಹಳ ಮಂದಿ ಕೇಳುತ್ತಾರೆ. ಅದರಲ್ಲಿ ತರಬೇತಿ ಪಡೆದ ಪಶುವೈದ್ಯರು ಸಿಕ್ಕಿದರೆ ಮಾಡಿಸಿ. ಬೆನ್ನೆಲುಬಿನ ಎರಡೂ ಬದಿಗೆ, ಹಿಂಗಾಲಿಗೆ ಸಣ್ಣ ಸೂಜಿ ಇಟ್ಟು 15–20 ನಿಮಿಷ ಬಿಡುತ್ತಾರೆ. ವಾರಕ್ಕೊಮ್ಮೆಯಂತೆ ನಾಲ್ಕಾರು ಸಲ ಬೇಕಾಗುತ್ತದೆ. ನೋವು ತಗ್ಗಬಹುದು, ಬಿಗಿದ ಸ್ನಾಯು ಸಡಿಲವಾಗಬಹುದು, ಆದರೆ ಜರಗಿದ ಡಿಸ್ಕ್ ಸೂಜಿಯಿಂದ ವಾಪಸು ಹೋಗದು. ಬೆನ್ನು ಹಿಡಿದು ತಿರುಚಿ "ಕೂರಿಸುವ" ಕೆಲಸವಂತೂ ಬೇಡವೇ ಬೇಡ.

ಗೂಡಿನ ದಿನ ಮುಗಿದ ಮೇಲೆ ಬಿಸಿನೀರಲ್ಲಿ ಹಿಂಡಿದ ಬೈರಾಸನ್ನು ಹತ್ತು ನಿಮಿಷ ಸೊಂಟದ ಮೇಲಿಡಿ. ನಿಮ್ಮ ಮಣಿಕಟ್ಟಿಗೆ ಹಿತವೆನಿಸುವ ಬಿಸಿ ಸಾಕು. ಮತ್ತೆ ಬೆನ್ನೆಲುಬಿನಿಂದ ಎರಡು ಬೆರಳು ಆಚೆ, ಸ್ನಾಯುವಿನ ಮೇಲೆ ಮಾತ್ರ ಹಗುರವಾಗಿ ಉಜ್ಜಿ. ಎಣ್ಣೆ ಬೇಕೆನಿಸಿದರೆ ಎರಡು ಹನಿ ತೆಂಗಿನೆಣ್ಣೆ. ಹಿಂಗಾಲಿನ ಒಂದೊಂದೇ ಕೀಲನ್ನು ಹತ್ತು ಸಲ ಮಡಚಿ ಬಿಡಿಸಿ. ಸಮತಟ್ಟಾದ ಅಂಗಳದಲ್ಲಿ ದಿನಕ್ಕೆರಡು ಸಲ ಐದು ನಿಮಿಷ ನಡೆಸಿ, ವಾರಕ್ಕೆ ಐದು ನಿಮಿಷದಂತೆ ಹೆಚ್ಚಿಸಿ. ತೋಟದ ಕೆರೆಯಲ್ಲಿ ಈಜಿಸುವ ಆಸೆ ಬರುತ್ತದೆ. ಪಾಚಿಗಟ್ಟಿದ ಮುರಕಲ್ಲಿನ ಮೆಟ್ಟಿಲಲ್ಲಿ ಜಾರಿದರೆ ಮೊದಲಿನಿಂದ ಶುರು.

ತೂಕ ಇಳಿಸದೆ ಇದ್ಯಾವುದೂ ನಿಲ್ಲದು. ಮುಷ್ಟಿ ಬಿಡಿಸಿ ಅಂಗೈಯ ಹಿಂಬದಿ ಮುಟ್ಟಿದಾಗ ಎಲುಬು ಹೇಗೆ ಸಿಗುತ್ತದೋ, ಪಕ್ಕೆಲುಬು ಹಾಗೆ ಸಿಗಬೇಕು. ಕುಚ್ಚಲಕ್ಕಿ ಅನ್ನವನ್ನು ಕಾಲು ಭಾಗ ತೆಗೆದು ಬೇಯಿಸಿದ ಸಿಹಿಗುಂಬಳ, ಬೀನ್ಸ್ ಹಾಕಿ. ಅಡಿಕೆ ತೂಗುವ ತಕ್ಕಡಿಯಲ್ಲೇ ವಾರಕ್ಕೊಮ್ಮೆ ತೂಗಿ ಬರೆದಿಡಿ. 10 ಕೆಜಿ ನಾಯಿ ವಾರಕ್ಕೆ 100 ಗ್ರಾಂ ಇಳಿದರೆ ಸರಿಯಾದ ವೇಗ. ಉರಿಯೂತಕ್ಕೆ ಬೂತಾಯಿ ಮೀನು ಒಳ್ಳೆಯದು: ಉಪ್ಪು, ಖಾರ, ನೀರುಳ್ಳಿ ಇಲ್ಲದೆ ಕುಕ್ಕರಿನಲ್ಲಿ ಮುಳ್ಳು ಮೆತ್ತಗಾಗುವಷ್ಟು ಬೇಯಿಸಿ, ದಿನಕ್ಕೆ ಒಂದು. ಮೀನು ಒಳಗೆ ತಾರದ ಮನೆಗಳಲ್ಲಿ ಮೀನೆಣ್ಣೆಯ ಕ್ಯಾಪ್ಸೂಲ್ ಆದೀತೇ ಎಂದು ಡಾಕ್ಟರಲ್ಲಿ ಕೇಳಿ. ಅಗಸೆ ಅದಕ್ಕೆ ಸಾಟಿಯಲ್ಲ, ಅದರಲ್ಲಿರುವ ಒಮೇಗಾ-3 ನಾಯಿಯ ದೇಹದಲ್ಲಿ ಬೇಕಾದ ರೂಪಕ್ಕೆ ತಿರುಗುವುದು ಬಹಳ ಕಡಿಮೆ.

ನುಣುಪಾದ ಕಾವಿ ನೆಲ, ಟೈಲ್ಸಿನ ಮೇಲೆ ನಾಯಿ ಓಡಾಡುವ ದಾರಿಯುದ್ದಕ್ಕೂ ಗೋಣಿ ಹಾಸಿ. ಮಳೆಗಾಲದಲ್ಲಿ ಅದು ಒದ್ದೆಯಾದರೆ ಆ ದಿನವೇ ಬದಲಿಸಬೇಕು. ಎತ್ತುವಾಗ ಒಂದು ಕೈ ಎದೆಯಡಿ, ಇನ್ನೊಂದು ಪೃಷ್ಠದಡಿ, ಬೆನ್ನು ನೆಲಕ್ಕೆ ಸಮವಾಗಿರಲಿ. ಹಿಂಗಾಲು ತೂರಾಡುವ ನಾಯಿಗೆ ಹೊಟ್ಟೆಯಡಿ ಬೈರಾಸು ತೂರಿಸಿ ಎರಡೂ ತುದಿ ಹಿಡಿದು ನಡೆಸಬಹುದು. ಮಲಗಿದಲ್ಲೇ ಮೂತ್ರ ಹನಿಯುತ್ತಿದ್ದರೆ ಮೂತ್ರಚೀಲ ಖಾಲಿಯಾಗುತ್ತಿದೆ ಎಂದುಕೊಳ್ಳಬೇಡಿ. ತುಂಬಿ ತುಳುಕುತ್ತಿರಬಹುದು. ಹಿಂಗಾಲಿನ ಮುಂದೆ ಹೊಟ್ಟೆಯ ಎರಡೂ ಬದಿಗೆ ಅಂಗೈಯಿಟ್ಟು, ಮೆಲ್ಲನೆ ಹಿಂದಕ್ಕೆ ಒತ್ತುತ್ತಾ ಅದನ್ನು ಖಾಲಿ ಮಾಡುವ ಕ್ರಮವನ್ನು ಡಾಕ್ಟರ ಎದುರೇ ಒಮ್ಮೆ ಮಾಡಿ ಕಲಿತುಕೊಳ್ಳಿ. ದಿನಕ್ಕೆ ಮೂರು ನಾಲ್ಕು ಸಲ ಮಾಡಬೇಕಾಗುತ್ತದೆ. ಮೂತ್ರ ಮಂಕಾಗಿ ನಾತ ಹೊಡೆದರೆ ಸೋಂಕು ಹಿಡಿದಿರಬಹುದು, ಶುಚಿಯಾದ ಕುಪ್ಪಿಯಲ್ಲಿ ಹಿಡಿದು ಅದೇ ದಿನ ಪರೀಕ್ಷೆಗೆ ಕೊಡಿ.