ಒಂದು ಕಿಲೋ ಪ್ರಾಣಿಯ ಕೋರೆಹಲ್ಲಿಗೆ ರೂಟ್ ಕೆನಾಲ್

ದಾವಣಗೆರೆಯಲ್ಲಿ ಎರಡು ಡೆಂಟಲ್ ಕಾಲೇಜುಗಳಿವೆ, ರೂಟ್ ಕೆನಾಲ್ ಸಾಮಾನಿಗೆ ಬರವಿಲ್ಲ. ಆದರೆ ಮನುಷ್ಯರ ಫೈಲು, ಅಂದರೆ ಬೇರಿನ ನಾಳ ಕೆರೆಯುವ ಸಣ್ಣ ಕಡ್ಡಿ, ಹುಲಿಯ ಕೋರೆಗೆ ಗಿಡ್ಡ. ಅಮೆರಿಕದ ಕಪ್ಪು ಕಾಲಿನ ಫೆರೆಟ್‌ಗಾದರೆ ಧಾರಾಳ ಸಾಕು. ಮುಂಗುಸಿ ಮೈಕಟ್ಟಿನ, ಕಿಲೋ ಆಸುಪಾಸಿನ ಪ್ರಾಣಿ. 1987ರಲ್ಲಿ ವಯೋಮಿಂಗ್‌ನಲ್ಲಿ ಕೊನೆಯದನ್ನು ಹಿಡಿದಾಗ ಉಳಿದಿದ್ದು ಬರೀ 18. ಪಂಜರದ ತಂತಿ ಕಚ್ಚಿದರೆ ಕೋರೆ ಮುರಿದು, ಹಲ್ಲಿನೊಳಗಿನ ಮೆದು ತಿರುಳು ತೆರೆದುಕೊಳ್ಳುತ್ತದೆ.

ಕಿತ್ತುಬಿಟ್ಟರಾಯ್ತಲ್ಲ? ಕೆಳಗಿನ ಕೋರೆಯ ಬೇರು ಕಾಣುವ ಹಲ್ಲಿಗಿಂತ ಉದ್ದ, ದವಡೆಯ ಮುಂಭಾಗವೆಲ್ಲ ಅದೇ. ಕೀಳುವಾಗ ದವಡೆಯೇ ಮುರಿಯಬಹುದು.

ಮೊದಲು ಎಕ್ಸ್-ರೇ. ಮರಿಯಾಗಿದ್ದು ಬೇರಿನ ತುದಿ ತೆರೆದಿದ್ದರೆ ಮಾಮೂಲಿ ರೂಟ್ ಕೆನಾಲ್ ಬೇಡ, ತುಂಬಿದ್ದು ಆಚೆ ಜಾರುತ್ತದೆ.

ಹಲ್ಲಿಗಿಂತ ಅರಿವಳಿಕೆಯೇ ಕಷ್ಟ. ನಾಲ್ಕು ಗಂಟೆಗಿಂತ ಹೆಚ್ಚು ಉಪವಾಸ ಕೆಡವಿದರೆ ಸಕ್ಕರೆ ಇಳಿಯುತ್ತದೆ. ಐಸೊಫ್ಲೂರೇನ್ ಎಂಬ ಅರಿವಳಿಕೆ ಅನಿಲ ಕೊಡುವ ನಳಿಕೆ 2ರಿಂದ 2.5 ಮಿ.ಮೀ., ತಲೆ ಹೊರಳಿಸಿದರೆ ಮಡಚಿಕೊಳ್ಳುತ್ತದೆ. ಗಂಟಲಿಗೆ ಗಾಜ್ ಬಟ್ಟೆ ತುರುಕಿ, ಅದರ ದಾರ ಬಾಯಿಯ ಹೊರಗೆ ನೇತಾಡಲಿ, ಮರೆತರೆ ಉಸಿರು ಕಟ್ಟುತ್ತದೆ. ತೊಳೆದ ನೀರು ಎದೆಯ ತುಪ್ಪಳಕ್ಕೆ ಇಳಿದರೆ ಮೈ ಬೇಗ ತಣ್ಣಗಾಗಿ ಎಚ್ಚರವೂ ತಡವಾಗುತ್ತದೆ. ಸಲೈನ್ ಬೆಚ್ಚಗಿರಲಿ, ಥರ್ಮಾಮೀಟರ್ ಮೈಯೊಳಗೇ ಇರಲಿ. ತುಂಗಭದ್ರೆಯ ನೀರುನಾಯಿಯಂಥ ಏಳೆಂಟು ಕಿಲೋ ಪ್ರಾಣಿಗೆ ಈ ಚಳಿಯ ಭಯ ಅಷ್ಟಿಲ್ಲ.

ಬೇರಿನ ನಾಳಕ್ಕೆ ದಾರಿ ನೇರವಿದ್ದರೆ ಹಲ್ಲು ಮುರಿದ ಜಾಗದಿಂದಲೇ ಒಳಹೋಗಬಹುದು. ಬಾಗಿದ್ದರೆ ಒಸಡಿನಿಂದ ಒಂದೆರಡು ಮಿ.ಮೀ. ಬಿಟ್ಟು, ಹಲ್ಲಿನ ಮುಂಬದಿಗೆ ಸಣ್ಣ ತೂತು. ಫೈಲು ಮೊದಲು 8ನೇ ನಂಬರು, ಮತ್ತೆ 10, ಆಮೇಲೆ 15. 15ರ ತುದಿ 0.15 ಮಿ.ಮೀ. ಮಾಂಸಾಹಾರಿ ಪ್ರಾಣಿಗಳ ಬೇರಿನ ತುದಿಯಲ್ಲಿ ಒಂದೇ ರಂಧ್ರವಿರದು, ನದೀಮುಖದಂತೆ ಸಣ್ಣ ಸಣ್ಣ ಕವಲು. ಹಾಗಾಗಿ ಕೈಗೆ ತಿಳಿಯುವ ತುದಿಯನ್ನು ನಂಬಬೇಡಿ. ಎಕ್ಸ್-ರೇ ಅಳತೆಗೆ ಫೈಲಿನ ರಬ್ಬರ್ ಸ್ಟಾಪ್ (ತಡೆ ಬಿಲ್ಲೆ) ಇಟ್ಟು ಅಲ್ಲಿಗೇ ನಿಲ್ಲಿಸಿ. ಒತ್ತಿದರೆ ನಾಳದ ಗೋಡೆಯಲ್ಲಿ ಮೆಟ್ಟಿಲು ಬೀಳುತ್ತದೆ, ಇಲ್ಲವೇ ಫೈಲು ಒಳಗೇ ಮುರಿಯುತ್ತದೆ.

ಪ್ರತಿ ಫೈಲಿನ ನಂತರ ಸೋಂಕು ತೊಳೆಯುವ ಹೈಪೊಕ್ಲೋರೈಟ್ ದ್ರವ. ಪಕ್ಕದಲ್ಲಿ ತೂತಿರುವ 30 ಗೇಜ್ ಸೂಜಿಯನ್ನು ಸಿಕ್ಕಿಸದೆ, ಆಡಿಸುತ್ತಾ, ಹಗುರವಾಗಿ ಬಿಡಿ. ಸೂಜಿ ಬಿಗಿಯಾದರೆ ದ್ರವ ಬೇರಿನಾಚೆ ನುಗ್ಗಿ ಮುಖ ಊದುತ್ತದೆ. ಕೊನೆಗೆ ಕೆರೆದ ಪುಡಿ ಕರಗಿಸುವ 17% ಇಡಿಟಿಎ ದ್ರವ, ಸಲೈನ್, ಒಣಗಿಸಲು ಪೇಪರ್ ಪಾಯಿಂಟ್ ಎಂಬ ಕಾಗದದ ಕಡ್ಡಿ. ತುದಿ ಕೆಂಪಾಗಿ ಬಂದರೆ ಬಹುಶಃ ತಿರುಳು ಉಳಿದಿದೆ, ಮತ್ತೆ ಫೈಲು. ಒಣಗಿ ಬಂದರೆ ಸೀಲರ್ ಅಂಟಿನ ಜೊತೆ ರಬ್ಬರಿನಂಥ ಗಟ್ಟಾ ಪರ್ಚಾ ತುಂಬಿ. ಎಕ್ಸ್-ರೇಯಲ್ಲಿ ನಡುವೆ ಗುಳ್ಳೆ ಕಂಡರೆ ಆಗಲೇ ತೆಗೆದು ಮತ್ತೆ ತುಂಬಿ.

ಮೇಲೆ ಮುಚ್ಚುವ ಕಾಂಪೊಸಿಟ್ ಭರ್ತಿ ಮೊಂಡಾಗಿಯೇ ಇರಲಿ. ಚೂಪು ತುದಿ ಕಟ್ಟುವುದು ಬರೀ ನೋಟಕ್ಕೆ, ಮೊದಲ ಕಚ್ಚಿಗೇ ಹಾರುತ್ತದೆ. ಆರು ತಿಂಗಳಿಗೆ ಮತ್ತೆ ಎಕ್ಸ್-ರೇ ತೆಗೆದು, ಬೇರಿನ ಸುತ್ತ ಕಪ್ಪು ನೆರಳು ಹಿಗ್ಗಿದ್ದರೆ ಆಗ ಕೀಳಿ. ಅಷ್ಟರೊಳಗೆ ಪಂಜರದ ತಂತಿ ಬದಲಿಸಿ, ಇನ್ನೂ ಮೂರು ಕೋರೆಗಳಿವೆ.