ಸಿಕಲ್ ಸೆಲ್ ಹಿಮೋಗ್ಲೋಬಿನ್: ಆ ಒಂದು ವ್ಯಾಲಿನ್ ಸಿಕ್ಕಿತು

ಹೋದ ವಾರ ಪಿಡಿಬಿಯಿಂದ (ಪ್ರೋಟೀನ್‌ಗಳ 3ಡಿ ರಚನೆಗಳನ್ನು ಇಟ್ಟಿರುವ ಜಾಲತಾಣ) 2ಎಚ್‌ಬಿಎಸ್ ಅನ್ನೋ ಕಡತ ಇಳಿಸಿಕೊಂಡು ಅಲ್ಲಿಗೇ ಬಿಟ್ಟಿದ್ದೆ. ಸಿಕಲ್ ಸೆಲ್ ಕಾಯಿಲೆಯವರ ಹಿಮೋಗ್ಲೋಬಿನ್, ಆಮ್ಲಜನಕ ಇಲ್ಲದಾಗ ಇರುವ ರೂಪದಲ್ಲಿ. ಚಾಮರಾಜನಗರದ ಸೋಲಿಗರ ಪೋಡುಗಳಲ್ಲೂ ಈ ಕಾಯಿಲೆ ಇದೆ. ಅದಕ್ಕೇ ಇದನ್ನು ಹಿಡಿದುಕೊಂಡು ಕೂತಿದ್ದೇನೆ.

ಶನಿವಾರ ಅದನ್ನು ಕೈಮೆರಾ ಎಕ್ಸ್‌ನಲ್ಲಿ, ಅಂದರೆ ಅಣುಗಳ ರಚನೆ ನೋಡುವ ತಂತ್ರಾಂಶದಲ್ಲಿ, ತೆರೆದೆ. ಎರಡು ಹಿಮೋಗ್ಲೋಬಿನ್ ಪಕ್ಕಪಕ್ಕದಲ್ಲಿ. ಒಂದೊಂದರಲ್ಲೂ ಅಮೈನೋ ಆಮ್ಲಗಳನ್ನು ಪೋಣಿಸಿದ ನಾಲ್ಕು ಸರಪಳಿ, ಎರಡು ಆಲ್ಫಾ, ಎರಡು ಬೀಟಾ; ಒಟ್ಟು ಎಂಟು. ಸರಪಳಿಗೊಂದು ಬಣ್ಣ ಕೊಟ್ಟರೆ ನೋಡೋಕೆ ಚೆಂದ, ಆದರೆ ಯಾವುದು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಎಲ್ಲ ಅಳಿಸಿದೆ. ಆಲ್ಫಾಗಳಿಗೆ ಬೂದು, ಬೀಟಾಗಳಿಗೆ ತಿಳಿನೀಲಿ, ಆಮ್ಲಜನಕ ಹಿಡಿಯುವ ಕಬ್ಬಿಣದ ಭಾಗವಾದ ಹೀಮ್‌ಗೆ ಮಾತ್ರ ಕೆಂಪು. ಈಗ ಕಣ್ಣು ನಿಲ್ಲುತ್ತೆ.

ಬೀಟಾ ಸರಪಳಿಯ 6ನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಅನ್ನೋ ಬೇರೆ ಅಮೈನೋ ಆಮ್ಲ ಬಂದಿದೆ. ಕಾಯಿಲೆಗೆ ಮೂಲ ಇಷ್ಟೇ. ಸುಮ್ನೆ 6 ಅಂತ ಆರಿಸಿದೆ, ಎಂಟು ಕಡೆ ಹಸಿರು ಗೆರೆ ಮೂಡಿತು. ಆಲ್ಫಾದಲ್ಲೂ 6 ಇರುತ್ತಲ್ವಾ, ಅಲ್ಲಿರುವುದು ಆಸ್ಪಾರ್ಟಿಕ್ ಆಮ್ಲ. ಬೀಟಾಗಳಾದ ಬಿ, ಡಿ, ಎಫ್, ಎಚ್ ಸರಪಳಿಗಳನ್ನಷ್ಟೇ ಹೇಳಿದಾಗ ನಾಲ್ಕು ವ್ಯಾಲಿನ್ ಉಳಿದವು.

ಒಂದೊಂದರ ಸುತ್ತ 5 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಅಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಪಾಲು) ಒಳಗೆ ಯಾರಿದ್ದಾರೆ ಅಂತ ಹುಡುಕುತ್ತಾ ಹೋದೆ. ಒಂದರ ಹತ್ತಿರ ಪಕ್ಕದ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ 85ನೇ ಜಾಗದ ಫೀನೈಲಲನಿನ್, 88ನೇ ಜಾಗದ ಲ್ಯೂಸಿನ್ ಬಂದವು. ಓದಿದ್ದೆ, ಆದರೂ ಕಣ್ಣಾರೆ ಕಂಡಾಗ ಮೈ ಜುಮ್ಮೆಂದಿತು. ಆ ಪಕ್ಕದ ಸರಪಳಿಗೆ ಮಾತ್ರ ಮೇಲ್ಮೈ ಹೊದಿಸಿದೆ, ಎಂಟಕ್ಕೂ ಹೊದಿಸಿದರೆ ನನ್ನ ಲ್ಯಾಪ್‌ಟಾಪ್ ತಡೆಯಲ್ಲ. ನೀರಿಗೆ ಒಗ್ಗದ ಭಾಗ ಹೊಂಬಣ್ಣ, ಒಗ್ಗುವ ಭಾಗ ನೀಲಿ-ಹಸಿರು ಬರುವಂತೆ ಮಾಡಿದೆ. ಒಂದು ಸಣ್ಣ ಹೊಂಬಣ್ಣದ ಗುಳಿ. ವ್ಯಾಲಿನ್ನಿನ ಕವಲು ತುದಿ ಅದರೊಳಗೆ ಇಳಿದು ಕೂತಿದೆ. ಗ್ಲುಟಾಮಿಕ್ ಆಮ್ಲಕ್ಕೆ ವಿದ್ಯುದಂಶ ಇರುವುದರಿಂದ ಅದು ಇಂಥ ಜಿಡ್ಡಿನ ಗುಳಿಗೆ ಒಗ್ಗಲ್ಲ. ವ್ಯಾಲಿನ್ ಒಗ್ಗುತ್ತೆ. ಹೀಗೆ ಒಂದಕ್ಕೊಂದು ಅಂಟುತ್ತಾ ಹೋಗಿ ಉದ್ದನೆಯ ನಾರುಗಳಾಗುತ್ತವೆ, ರಕ್ತಕಣ ಕುಡುಗೋಲಿನಂತೆ ಬಾಗುತ್ತೆ.

ಇವತ್ತು ಹೋಲಿಸಿ ನೋಡೋಕೆ ಆಮ್ಲಜನಕ ಹಿಡಿದಿರುವ ಸಾಮಾನ್ಯ ಹಿಮೋಗ್ಲೋಬಿನ್ನಿನ ಕಡತ 1ಎಚ್‌ಎಚ್‌ಒ ತೆರೆದೆ. ಬಂದಿದ್ದು ಎರಡೇ ಸರಪಳಿ! ಕಡತ ಹಾಳಾಗಿದೆ ಅಂತ ಎರಡು ಸಲ ಇಳಿಸಿಕೊಂಡೆ. ಕಡತ ಸರಿಯಾಗಿಯೇ ಇತ್ತು. ಹರಳಿನ ಸಮ್ಮಿತಿಯಿಂದ ಇನ್ನರ್ಧ ಸಿಗುತ್ತೆ ಅಂತ ಬರೀ ಅರ್ಧ ಇಟ್ಟಿರುತ್ತಾರೆ. ಪೂರ್ತಿ ಜೋಡಣೆ ಕೇಳಿದ ಮೇಲೆ ನಾಲ್ಕೂ ಬಂದವು.

ಮುಂದಿನ ವಾರ ಎರಡರ ಬೀಟಾ ಸರಪಳಿಗಳನ್ನೂ ಒಂದರ ಮೇಲೊಂದು ಕೂರಿಸಿ, ಆ ಗುಳಿ ಎಷ್ಟು ಬದಲಾಗುತ್ತೆ ಅಂತ ನೋಡಬೇಕು.