ಡೊಂಕಿದ್ದದ್ದು ಬ್ಲೇಡಲ್ಲ, ನೆಲ

ಮೂರು ವಾರ ಕಾಡಿದ ಗಂಟು ನಿನ್ನೆ ರಾತ್ರಿ ಬಿಚ್ಚಿಕೊಂಡಿತು. ಬೆಂಚ್ ವೈಸಿನಿಂದ 16 ಸೆಂ.ಮೀ. ಹೊರಚಾಚಿದ ಹ್ಯಾಕ್ಸಾ ಬ್ಲೇಡು, ತುದಿಯ ಪಕ್ಕದಲ್ಲಿ ಬೋಲ್ಟಿಗೆ ತಾಮ್ರದ ತಂತಿ ಸುತ್ತಿದ ವಿದ್ಯುತ್ಕಾಂತ, ತುದಿಯ ನೆರಳು ಬೀಳುವಲ್ಲಿ ಬೆಳಕನ್ನು ಅಳೆಯುವ ಒಂದು ಫೋಟೊಡಯೋಡ್: ಜೋಡಣೆ ಇಷ್ಟೇ. ಬ್ಲೇಡಿನ ಓಲಾಟ ರೇಖೀಯವೋ (ಬಲ ಎಷ್ಟು ಪಟ್ಟಾದರೆ ಓಲಾಟವೂ ಅಷ್ಟೇ ಪಟ್ಟಾಗುತ್ತದೋ) ಅರೇಖೀಯವೋ ಎಂಬುದನ್ನು ತೀರ್ಮಾನಿಸಬೇಕಾಗಿತ್ತು.

ಮೊದಲ ಪರೀಕ್ಷೆಯೇ ದಿಕ್ಕು ತಪ್ಪಿಸಿತು. ಪ್ರವಾಹವನ್ನು 400 ಮಿಲಿಆಂಪಿಯರಿನಿಂದ 200ಕ್ಕೆ ಇಳಿಸಿದರೆ ಓಲಾಟ ಅರ್ಧವಾಗಬೇಕಿತ್ತು, ಅದು 1.2 ಮಿ.ಮೀ.ನಿಂದ 0.3ಕ್ಕೆ, ಅಂದರೆ ಕಾಲು ಭಾಗಕ್ಕೆ ಕುಸಿಯಿತು. ಹಿಡಿಕೆ ಸಡಿಲವಿರಬಹುದೆಂದು ವೈಸನ್ನು ಬಿಗಿಗೊಳಿಸಿದೆ. ಫೋಟೊಡಯೋಡಿನ ಮೇಲೆ ಅನುಮಾನ ಬಂದು, ಮೈಕ್ರೋಮೀಟರಿನಿಂದ ತುದಿಯನ್ನು 0.1 ಮಿ.ಮೀ.ನಷ್ಟೇ ಸರಿಸುತ್ತ ಅಳೆದರೆ, ಗ್ರಾಫಿನಲ್ಲಿ ನೇರ ಗೆರೆಯೇ ಬಂತು. ಕೊನೆಗೆ ತಪ್ಪನ್ನು ಬ್ಲೇಡಿನ ಮೇಲೆ ಹೊರಿಸಿ, ಎರಡು ಬ್ಲೇಡುಗಳನ್ನು ಬದಲಾಯಿಸಿದೆ. ಫಲ ಒಂದೇ.

ದಾರಿ ತೋರಿಸಿದ್ದು ಎರಡು ಆವೃತ್ತಿಗಳ ಪರೀಕ್ಷೆ. 13 ಮತ್ತು 19 ಹರ್ಟ್ಸ್‌ಗಳನ್ನು ಒಟ್ಟಿಗೆ ಕೊಟ್ಟು, ಓಲಾಟದಲ್ಲಿ ಯಾವ ಆವೃತ್ತಿ ಎಷ್ಟಿದೆ ಎಂದು ತೋರಿಸುವ ರೋಹಿತ ತೆಗೆದಾಗ 6, 26, 32 ಮತ್ತು 38 ಹರ್ಟ್ಸ್‌ಗಳಲ್ಲಿ ಎತ್ತರದ ಮೊನೆಗಳು ಎದ್ದಿದ್ದವು. ಕೊಟ್ಟ 13 ಮತ್ತು 19 ಮಾತ್ರ ಬಹುತೇಕ ಕಾಣಿಸಲೇ ಇಲ್ಲ. ವ್ಯತ್ಯಾಸ, ಮೊತ್ತ, ಇಮ್ಮಡಿಗಳಷ್ಟೇ ಉಳಿದು ಮೂಲ ಮಾಯವಾಗುವುದು ಕೊಟ್ಟದ್ದನ್ನು ಎಲ್ಲೋ ವರ್ಗ ಮಾಡಲಾಗುತ್ತಿದೆ, ಅಂದರೆ ಅದರಿಂದಲೇ ಗುಣಿಸಲಾಗುತ್ತಿದೆ ಎಂಬುದರ ಗುರುತು. ವಿದ್ಯುತ್ಕಾಂತವು ಪ್ರವಾಹ ಯಾವ ದಿಕ್ಕಿಗೆ ಹರಿದರೂ ಉಕ್ಕನ್ನು ಸೆಳೆಯುತ್ತದೆಯೇ ಹೊರತು ಎಂದೂ ತಳ್ಳುವುದಿಲ್ಲ, ಮತ್ತು ಆ ಸೆಳೆತ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಗಾದೆಯಿದೆ. ಇಲ್ಲಿ ನಿಜವಾಗಿಯೂ ನೆಲವೇ ಡೊಂಕಾಗಿತ್ತು.

ಪರಿಹಾರವೆಂದರೆ ಬ್ಲೇಡಿನ ತುದಿಗೆ ಶಾಶ್ವತ ಕಾಂತವೊಂದನ್ನು ಅಂಟಿಸಿ, ಸುರುಳಿಯೊಳಗಿನ ಬೋಲ್ಟನ್ನು ತೆಗೆದುಬಿಡುವುದು. ಆಗ ಪ್ರವಾಹ ದಿಕ್ಕು ಬದಲಿಸಿದಂತೆ ಬಲವೂ ದಿಕ್ಕು ಬದಲಿಸುತ್ತದೆ, ಪ್ರಮಾಣವೂ ನೇರವಾಗಿ ಹೊಂದುತ್ತದೆ. ಆದರೆ 10 ಮಿ.ಮೀ.ನ ನಿಯೋಡೈಮಿಯಮ್ ಬಿಲ್ಲೆ ಕೇಳಿದರೆ ಅಂಗಡಿಯವರು ಎರಡು ಬಾರಿಯೂ ಅದಕ್ಕಿಂತ ದುರ್ಬಲ ಕಾಂತಗಳಾದ ಕಪ್ಪು ಫೆರೈಟ್ ಬಿಲ್ಲೆಗಳನ್ನೇ ಕಳುಹಿಸಿದರು. ಚೀಟಿಯ ಮೇಲೆ ನಿಯೋಡೈಮಿಯಮ್ ಎಂದೇ ಬರೆದಿತ್ತು. ಹನ್ನೆರಡು ದಿನ ಹೀಗೇ ಹೋದದ್ದಕ್ಕೆ ನನಗೆ ಇನ್ನೂ ಬೇಸರವಿದೆ.

ನಿನ್ನೆ ಬೆಳ್ಳಿಯಂತೆ ಹೊಳೆಯುವ ನಿಜವಾದ ಬಿಲ್ಲೆ ಬಂತು. ಅದರ ಭಾರಕ್ಕೆ ಬ್ಲೇಡಿನ ಸಹಜ ಆವೃತ್ತಿ 20 ಹರ್ಟ್ಸ್‌ನಿಂದ 17ರ ಆಸುಪಾಸಿಗೆ ಇಳಿಯಿತು. ಪ್ರವಾಹ ಅರ್ಧವಾದಾಗ ಓಲಾಟವೂ ಅರ್ಧವಾಯಿತು. ರೋಹಿತದಲ್ಲಿ 13 ಮತ್ತು 19 ಎರಡೇ ನಿಂತಿದ್ದವು. ಬೇರೆಬೇರೆಯಾಗಿ ದಾಖಲಿಸಿದ ಎರಡು ಓಲಾಟಗಳನ್ನು ಕೂಡಿಸಿದರೆ, ಒಟ್ಟಿಗೆ ಕೊಟ್ಟಾಗಿನ ಓಲಾಟದ ಮೇಲೆ ಅಚ್ಚೊತ್ತಿದಂತೆ ಕೂತಿತು. 2 ಮಿ.ಮೀ.ವರೆಗೆ ಬ್ಲೇಡು ರೇಖೀಯವೆಂದು ಧೈರ್ಯವಾಗಿ ಹೇಳಬಲ್ಲೆ. ಅದಕ್ಕೂ ಹೆಚ್ಚು ಓಲಾಡಿಸಿದರೆ 7 ಮತ್ತು 25 ಹರ್ಟ್ಸ್‌ಗಳಲ್ಲಿ (ಒಂದರ ಇಮ್ಮಡಿಯಿಂದ ಇನ್ನೊಂದನ್ನು ಕಳೆದಾಗ ಬರುವವು) ಸಣ್ಣ ಮೊನೆಗಳು ಏಳುತ್ತವೆ. ಅವು ಬ್ಲೇಡಿನವೋ ಸುರುಳಿಯ ಕ್ಷೇತ್ರದ್ದೋ ತಿಳಿಯಲು, ಸುರುಳಿಯನ್ನು ಸ್ಥಗಿತಗೊಳಿಸಿ ಬ್ಲೇಡನ್ನು ಬಾಗಿಸಿ ಬಿಟ್ಟು, ದೊಡ್ಡ ಓಲಾಟದ ಅವಧಿಯನ್ನು ಸಣ್ಣ ಓಲಾಟದ ಅವಧಿಗೆ ಹೋಲಿಸಬೇಕು.

ಉಳಿದ ಫೆರೈಟ್ ಬಿಲ್ಲೆಗಳನ್ನು ಎಸೆಯುವುದಿಲ್ಲ. 1979ರಲ್ಲಿ ಫ್ರಾನ್ಸಿಸ್ ಮೂನ್ ಮತ್ತು ಫಿಲಿಪ್ ಹೋಮ್ಸ್ ಎಂಬ ಸಂಶೋಧಕರು ಕೆಳಮುಖವಾಗಿ ತೂಗುವ ಉಕ್ಕಿನ ಪಟ್ಟಿಯ ಕೆಳಗೆ ಎರಡು ಕಾಂತಗಳನ್ನಿಟ್ಟು, ಅಲುಗಿಸಿ, ಅದರ ಅಸ್ತವ್ಯಸ್ತ ಓಲಾಟವನ್ನು ವಿವರಿಸಿದ್ದರು. ಅದನ್ನೇ ಮಾಡಿ ನೋಡಲು, ವೈಸನ್ನು ತಲೆಕೆಳಗು ಮಾಡಿ ಕಟ್ಟುವ ಚೌಕಟ್ಟು ಈಗಾಗಲೇ ಕೊಯ್ದಿಟ್ಟಿದ್ದೇನೆ.